ಮನೆತನದ ಹೃದ್ರೋಗ: ವಂಶವಾಹಿ ಪರೀಕ್ಷೆ ಯಾರಿಂದ ಆರಂಭವಾಗಬೇಕು, ಫಲಿತಾಂಶ ಬಂದ ಮೇಲೆ ನಮ್ಮ ಕೆಲಸವೇನು?

ತಂಗಾಳಿ

ನನ್ನ ತಮ್ಮನಿಗೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ (ಹೃದಯದ ಸ್ನಾಯು ಅಸಹಜವಾಗಿ ದಪ್ಪವಾಗುವ ಕಾಯಿಲೆ) ಇದೆಯೆಂದು ಹೃದ್ರೋಗ ತಜ್ಞರು ಇತ್ತೀಚೆಗೆ ಖಚಿತಪಡಿಸಿದ್ದಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೆಂದು ತೋರಿಸಿಕೊಳ್ಳಲು ಹೋದವನಿಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯಲ್ಲಿ ಎಡ ಹೃತ್ಕುಕ್ಷಿಯ ಗೋಡೆ 19 ಮಿಲಿಮೀಟರ್ ದಪ್ಪವಾಗಿರುವುದು ಕಂಡುಬಂದಿತು. ಅವನಿಗೆ ರಕ್ತದೊತ್ತಡವಾಗಲಿ, ಕವಾಟದ ತೊಂದರೆಯಾಗಲಿ ಇಲ್ಲ. ಇದು ಮನೆತನದಲ್ಲಿ ಇಳಿದು ಬರುವ ಕಾಯಿಲೆಯೆಂದೂ ಒಡಹುಟ್ಟಿದವರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕೆಂದೂ ವೈದ್ಯರು ಹೇಳಿದರು. ನಮ್ಮ ಚಿಕ್ಕಪ್ಪ ನಲವತ್ತು ತುಂಬುವ ಮೊದಲೇ ಒಮ್ಮೆಲೇ ಕುಸಿದು ತೀರಿಕೊಂಡಿದ್ದರು. ಅದನ್ನು ಹೃದಯಾಘಾತವೆಂದೇ ಎಲ್ಲರೂ ನಂಬಿದ್ದೆವು, ಈಗ ಆ ಸಾವಿನ ಬಗೆಗೂ ಅನುಮಾನ ಮೂಡಿದೆ.

ನನಗೆ ಹನ್ನೊಂದು ಮತ್ತು ಐದು ವರ್ಷದ ಇಬ್ಬರು ಮಕ್ಕಳಿದ್ದಾರೆ. ತಮ್ಮನಿಗೆ ಕಾಯಿಲೆ ಗೊತ್ತಾಗಿಯೇ ಇರುವುದರಿಂದ ಅವನಿಗೆ ವಂಶವಾಹಿ ಪರೀಕ್ಷೆಯ ಅಗತ್ಯವಿಲ್ಲ, ನಾನು ಮತ್ತು ಮಕ್ಕಳು ಮಾಡಿಸಿಕೊಂಡರೆ ಸಾಕು ಎಂಬುದು ನನ್ನ ಯೋಚನೆ. ಮನೆಯಿಂದಲೇ ಎಂಜಲಿನ ಮಾದರಿ ಕಳುಹಿಸುವ ಕಿಟ್‌ಗಳೂ ಸಿಗುತ್ತವೆಯಂತೆ, ಅವು ಸಾಕಾಗುತ್ತವೆಯೇ? ಅಕ್ಕನಂತೂ ಇದನ್ನು ತಿಳಿದುಕೊಳ್ಳುವುದೇ ಬೇಡ ಎಂದು ಹಟ ಹಿಡಿದಿದ್ದಾಳೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ವಂಶವೃಕ್ಷ

ನಾನು ಜೆನೆಟಿಕ್ ಕೌನ್ಸೆಲರ್ ಆಗಿ ಕೆಲಸ ಮಾಡುತ್ತಿದ್ದೇನೆ. ತಂಗಾಳಿಯವರೇ, ನಿಮ್ಮ ಯೋಚನೆ ತೀರ ಸಹಜವಾದುದು, ಆದರೆ ಕ್ರಮವನ್ನು ತಿರುಗಿಸಿಕೊಳ್ಳಬೇಕು. ಮೊದಲು ಪರೀಕ್ಷೆಯಾಗಬೇಕಾದವರು ನಿಮ್ಮ ತಮ್ಮನೇ.

ಕಾರಣ ಹೀಗಿದೆ. ಹೃದಯಸ್ನಾಯುವಿನ ಸಂಕೋಚನಕ್ಕೆ ಬೇಕಾದ ಪ್ರೋಟೀನುಗಳನ್ನು ರೂಪಿಸುವ ಹಲವು ವಂಶವಾಹಿಗಳಲ್ಲಿ ಯಾವುದೋ ಒಂದರಲ್ಲಿ ಆಗಿರುವ ಬದಲಾವಣೆಯಿಂದ ಈ ಕಾಯಿಲೆ ಬರುತ್ತದೆ. 1990ರಲ್ಲಿ ಕ್ರಿಸ್ಟೀನ್ ಮತ್ತು ಜೊನಾಥನ್ ಸೈಡ್‌ಮನ್ ಅವರ ತಂಡ ಎಂವೈಎಚ್7 ಎಂಬ ವಂಶವಾಹಿಯಲ್ಲಿ ಇಂತಹ ದೋಷವನ್ನು ಮೊದಲ ಬಾರಿಗೆ ತೋರಿಸಿತು. ಇಂದು ಕಾರಣ ಪತ್ತೆಯಾಗುವ ಕುಟುಂಬಗಳಲ್ಲಿ ಹೆಚ್ಚಿನವುಗಳಲ್ಲಿ ದೋಷವಿರುವುದು ಅದರಲ್ಲಿ ಅಥವಾ ಎಂವೈಬಿಪಿಸಿ3 ಎಂಬ ಇನ್ನೊಂದರಲ್ಲಿ. ಆದರೆ ಕಾಯಿಲೆ ಖಚಿತವಾಗಿರುವವರಲ್ಲಿಯೂ ಸರಿಸುಮಾರು ನೂರಕ್ಕೆ 30ರಿಂದ 60 ಮಂದಿಯಲ್ಲಿ ಮಾತ್ರ ಕಾರಣ ಸಿಗುತ್ತದೆ. ಹೀಗಿರುವಾಗ ತಮ್ಮನನ್ನು ಬಿಟ್ಟು ನಿಮ್ಮನ್ನೇ ಪರೀಕ್ಷಿಸಿ "ಏನೂ ಸಿಗಲಿಲ್ಲ" ಎಂಬ ವರದಿ ಬಂದರೆ, ಕುಟುಂಬದ ದೋಷ ನಿಮಗೆ ಬಂದಿಲ್ಲವೋ ಅಥವಾ ಆ ದೋಷ ಈಗಿನ ಪರೀಕ್ಷೆಗೆ ಸಿಗುವಂತಹುದೇ ಅಲ್ಲವೋ ಎಂಬುದು ತಿಳಿಯುವುದಿಲ್ಲ. ಹುಡುಕುತ್ತಿರುವ ವಸ್ತು ಯಾವುದೆಂದೇ ಗೊತ್ತಿಲ್ಲದೆ ಮನೆಯೆಲ್ಲ ತಡಕಾಡಿ, ಏನೂ ಕಳೆದಿಲ್ಲ ಎಂದುಕೊಂಡಂತಾಗುತ್ತದೆ.

ತಮ್ಮನಲ್ಲಿ ರೋಗಕಾರಕ ರೂಪಾಂತರ, ಅಂದರೆ ಕಾಯಿಲೆ ತರುವಂತಹ ವಂಶವಾಹಿ ಬದಲಾವಣೆ, ಸಿಕ್ಕಿತೆಂದರೆ ಚಿತ್ರವೇ ಬದಲಾಗುತ್ತದೆ. ಆಗ ನಿಮ್ಮ ರಕ್ತದಲ್ಲಿ ಆ ಒಂದೇ ತಾಣವನ್ನು ನೋಡಿದರೆ ಸಾಕು, ಉತ್ತರ ಹೌದು ಅಥವಾ ಇಲ್ಲ ಎಂದು ಸ್ಪಷ್ಟವಾಗಿ ಬರುತ್ತದೆ. ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಬಂದಿರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ 50. ನಿಮ್ಮಲ್ಲಿ ಇಲ್ಲವೆಂದಾದರೆ ನಿಮ್ಮ ಮಕ್ಕಳಿಗೆ ನಿಮ್ಮ ಮೂಲಕ ಬರುವ ಪ್ರಶ್ನೆಯೇ ಇಲ್ಲ, ವರ್ಷಾನುಗಟ್ಟಲೆ ಎಕೋ ಮಾಡಿಸುವ ಅಗತ್ಯವೂ ತಪ್ಪುತ್ತದೆ. ಇದನ್ನೇ ನಾವು ಕುಟುಂಬದ ಸರಣಿ ತಪಾಸಣೆ ಎನ್ನುತ್ತೇವೆ. ಒಬ್ಬರಲ್ಲಿ ದೊರೆತ ಉತ್ತರವನ್ನು ಹಿಡಿದು ಅವರ ಹತ್ತಿರದ ಬಂಧುಗಳಿಗೆ, ಅಲ್ಲಿ ಸಿಕ್ಕವರಿಂದ ಅವರ ಹತ್ತಿರದವರಿಗೆ ಹೋಗಬೇಕು. ತಮ್ಮನಲ್ಲಿ ಏನೂ ಸಿಗದಿದ್ದರೆ ನಿಮಗ್ಯಾರಿಗೂ ವಂಶವಾಹಿ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಆಗ ಒಡಹುಟ್ಟಿದವರೂ ಮಕ್ಕಳೂ ಇಸಿಜಿ ಮತ್ತು ಎಕೋಗಳನ್ನು ಕಾಲಕಾಲಕ್ಕೆ ಮಾಡಿಸಿಕೊಳ್ಳುತ್ತಲೇ ಇರಬೇಕಾಗುತ್ತದೆ.

ಮನೆಗೆ ಬರುವ ಕಿಟ್‌ಗಳ ಬಗೆಗೆ ನನ್ನ ಸಲಹೆ ಕಟ್ಟುನಿಟ್ಟಾದುದು: ಈ ಉದ್ದೇಶಕ್ಕೆ ಅವು ಬೇಡ. ಅವುಗಳಲ್ಲಿ ಹಲವು ಆಯ್ದ ಕೆಲವು ತಾಣಗಳನ್ನು ಮಾತ್ರ ನೋಡುತ್ತವೆ, ಆದ್ದರಿಂದ ಅಲ್ಲಿ ಏನೂ ಕಾಣಲಿಲ್ಲ ಎಂಬುದು ಸಮಾಧಾನಪಡುವ ವಿಷಯವಲ್ಲ. ಅವು ಕೊಡುವ ಕಚ್ಚಾ ಮಾಹಿತಿಯಲ್ಲಿ ಕಾಣುವುದೂ ನಿಜವಾಗಿರಬೇಕಾಗಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರುಪರಿಶೀಲನೆಗೆಂದು ವೈದ್ಯಕೀಯ ಪ್ರಯೋಗಾಲಯಕ್ಕೆ ಬಂದ ಇಂತಹ ರೂಪಾಂತರಗಳಲ್ಲಿ ನೂರಕ್ಕೆ 40ರಷ್ಟು ಆ ವ್ಯಕ್ತಿಗಳಲ್ಲಿ ಇರಲೇ ಇಲ್ಲ.

ಬೆಳಗಿನ ನಡಿಗೆ

ವಂಶವೃಕ್ಷ ಅವರ ಮಾತಿಗೆ ಒಂದು ಸೇರ್ಪಡೆ. ಮನೆತನದ ಹೃದ್ರೋಗವೆಂದರೆ ಹಠಾತ್ ಸಾವು ಮಾತ್ರವಲ್ಲ. ನಮ್ಮ ಮನೆಯಲ್ಲಿರುವುದು ಹುಟ್ಟಿನಿಂದಲೇ ಬರುವ ಅಧಿಕ ಕೊಲೆಸ್ಟರಾಲ್. ಸುಮಾರು 250 ಜನರಲ್ಲಿ ಒಬ್ಬರಿಗಿರುವ ಈ ತೊಂದರೆಯಲ್ಲಿ ಯಕೃತ್ತು ರಕ್ತದಿಂದ ಕೆಟ್ಟ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇದರ ಹಿಂದಿರುವ, ಜೀವಕೋಶದ ಮೇಲ್ಮೈಯಲ್ಲಿದ್ದು ಅದನ್ನು ಹಿಡಿದು ಒಳಗೆಳೆಯುವ ಗ್ರಾಹಕ ಪ್ರೋಟೀನಿನ ಕೆಲಸವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ತೆಳ್ಳಗಿದ್ದು, ಹಿತಮಿತವಾಗಿ ಉಣ್ಣುತ್ತಿದ್ದ ನನ್ನ ಸೋದರಮಾವನ ಹಿಮ್ಮಡಿಯ ಸ್ನಾಯುರಜ್ಜು ಗಂಟುಗಂಟಾಗಿ ದಪ್ಪವಾಗಿದ್ದುದನ್ನು ನಾವೆಲ್ಲ ಚಪ್ಪಲಿ ಒತ್ತಿ ಆದದ್ದೆಂದು ತಿಳಿದಿದ್ದೆವು. ಅದು ಕೊಲೆಸ್ಟರಾಲ್ ಶೇಖರವಾದ ಗುರುತು. ದೊಡ್ಡವರಲ್ಲಿ ಔಷಧವಿಲ್ಲದೆ ಎಲ್‌ಡಿಎಲ್ 190 ಮಿಲಿಗ್ರಾಂ ದಾಟಿದರೆ "ಊಟ ಕಡಿಮೆ ಮಾಡಿ" ಎಂಬ ಮಾತಿಗೆ ನಿಲ್ಲದೆ ಮನೆಯವರ ರಕ್ತವನ್ನೂ ನೋಡಬೇಕು. ಮಕ್ಕಳಿಗೆ ಎಂಟು-ಹತ್ತು ವರ್ಷದಿಂದಲೇ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಆರಂಭಿಸುವ ಪದ್ಧತಿಯಿದೆ, ಬೇಗ ಆರಂಭಿಸಿದಷ್ಟೂ ರಕ್ತನಾಳಗಳು ಉಳಿಯುತ್ತವೆ. ಈ ಗುಂಪಿನ ಎಲ್ಲ ಕಾಯಿಲೆಗಳಲ್ಲಿ ಇಷ್ಟು ಸುಲಭವಾಗಿ ಪತ್ತೆಯಾಗಿ, ಇಷ್ಟು ಚೆನ್ನಾಗಿ ಹತೋಟಿಗೆ ಬರುವಂತಹುದು ಇನ್ನೊಂದಿಲ್ಲ. ಆದರೂ ಹೆಚ್ಚಿನವರಿಗೆ ಇದು ಇರುವುದೇ ತಿಳಿಯದು ಎಂಬುದು ನನಗೆ ನಿಜವಾಗಿಯೂ ಸಂಕಟ ತರುತ್ತದೆ.

ನಿಧಾನ

ನನಗೆ ಲಾಂಗ್ ಕ್ಯೂಟಿ ಸಿಂಡ್ರೋಮ್ ಇದೆ. ಹೃದಯದ ಆಕಾರದಲ್ಲಿ ಯಾವ ದೋಷವೂ ಇಲ್ಲ, ಎಕೋ ಸಂಪೂರ್ಣ ಸಹಜ. ದೋಷವಿರುವುದು ಪ್ರತಿ ಬಡಿತದ ನಂತರ ಹೃದಯ ತನ್ನ ವಿದ್ಯುತ್ತನ್ನು ಮರಳಿ ಹೊಂದಿಸಿಕೊಳ್ಳಲು ತೆಗೆದುಕೊಳ್ಳುವ ಅವಧಿಯಲ್ಲಿ. ಅದನ್ನು ಇಸಿಜಿಯಲ್ಲಿ ಕ್ಯೂಟಿ ಅವಧಿಯಾಗಿ ಅಳೆಯುತ್ತಾರೆ. ಶಾಲೆಯಲ್ಲಿ ಎರಡು ಬಾರಿ ಮೂರ್ಛೆ ಹೋಗಿದ್ದಾಗ ಅದನ್ನು ಫಿಟ್ಸ್ ಎಂದು ಭಾವಿಸಿ ವರ್ಷಗಳ ಕಾಲ ಅದಕ್ಕೇ ಮಾತ್ರೆ ಕೊಟ್ಟರು. ಬಹಳ ಕಾಲದ ನಂತರ ಒಬ್ಬ ವೈದ್ಯರು ಇಸಿಜಿಯ ಕಾಗದವನ್ನು ಮೇಜಿನ ಮೇಲೆ ಹರಡಿ, ಯಂತ್ರ ಮುದ್ರಿಸಿದ ಅಂಕಿಯನ್ನು ಬದಿಗಿಟ್ಟು, ಸಣ್ಣ ಚೌಕಗಳನ್ನು ಪೆನ್ಸಿಲಿನಿಂದ ಒಂದೊಂದಾಗಿ ಎಣಿಸಿದರು. ಹೃದಯದ ವೇಗಕ್ಕೆ ಹೊಂದಿಸಿದ ಕ್ಯೂಟಿ ಅವಧಿ 490 ಮಿಲಿಸೆಕೆಂಡ್ ಬಂದಿತು, ಅಂದರೆ ಸಹಜಕ್ಕಿಂತ ಉದ್ದ. ನಂತರದ ವಂಶವಾಹಿ ಪರೀಕ್ಷೆಯಲ್ಲಿ ಕೆಸಿಎನ್‌ಎಚ್2 ವಂಶವಾಹಿಯ ದೋಷ ದೃಢಪಟ್ಟಿತು.

ಈ ಕಾಯಿಲೆಯಲ್ಲಿ ವಂಶವಾಹಿಯ ಹೆಸರು ತಿಳಿಯುವುದರಿಂದ ದಿನನಿತ್ಯದ ಬದುಕೇ ಬದಲಾಗುತ್ತದೆ. ಕೆಸಿಎನ್‌ಕ್ಯೂ1ರ ದೋಷವುಳ್ಳವರಿಗೆ ಓಟ, ವಿಶೇಷವಾಗಿ ಈಜು, ಅಪಾಯ ತರುವ ಸನ್ನಿವೇಶ. ನನ್ನಂತಹವರಿಗೆ ನಿದ್ದೆಯಲ್ಲಿರುವಾಗ ಥಟ್ಟನೆ ಬಾರಿಸುವ ಅಲಾರಂ, ದೂರವಾಣಿಯ ಗಂಟೆ, ಹಠಾತ್ತನೆ ಬೆಚ್ಚಿಬೀಳುವುದು ಅಪಾಯ. ಎಸ್‌ಸಿಎನ್5ಎ ದೋಷವುಳ್ಳವರಲ್ಲಿ ತೊಂದರೆ ಹೆಚ್ಚಾಗಿ ವಿಶ್ರಾಂತಿಯಲ್ಲೋ ನಿದ್ದೆಯಲ್ಲೋ ಬರುತ್ತದೆ. ನಾನು ಹೃದಯದ ಮೇಲಿನ ಅಡ್ರಿನಲಿನ್ ಪ್ರಭಾವವನ್ನು ತಗ್ಗಿಸುವ ಬೀಟಾ ಬ್ಲಾಕರ್ ಗುಂಪಿನ ನಾಡೊಲಾಲ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಮಲಗುವ ಕೋಣೆಯಲ್ಲಿ ಗಂಟೆ ಬಾರಿಸುವ ಯಾವ ವಸ್ತುವೂ ಇಲ್ಲ. ಕ್ಯೂಟಿಯನ್ನು ಇನ್ನಷ್ಟು ಹಿಗ್ಗಿಸುವ ಔಷಧಗಳು ಹಲವಾರಿವೆ: ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳು, ವಾಂತಿ ನಿಲ್ಲಿಸಲು ಕೊಡುವ ಕೆಲವು ಮಾತ್ರೆಗಳು, ಮನೋರೋಗದ ಕೆಲವು ಔಷಧಗಳು. ಯಾವ ವೈದ್ಯರು ಏನೇ ಬರೆದುಕೊಟ್ಟರೂ ಪಟ್ಟಿಯೊಂದಿಗೆ ತಾಳೆ ನೋಡಿ, ಮೊದಲು ಅವರಿಗೇ ಹೇಳಿ, ಆಮೇಲಷ್ಟೇ ನುಂಗುತ್ತೇನೆ. ವಾಂತಿಭೇದಿಯಾದಾಗ ಪೊಟ್ಯಾಸಿಯಂ ಇಳಿದು ಅಪಾಯ ಹೆಚ್ಚುವುದರಿಂದ ಅದನ್ನು ಸಣ್ಣ ವಿಷಯವೆಂದು ಬಿಡುವುದಿಲ್ಲ. ಮನೆಯವರೆಲ್ಲ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಕಲಿತಿದ್ದಾರೆ.

ಮೂರನೆಯ ತಲೆಮಾರು

ನನ್ನ ವರದಿಯಲ್ಲಿ "ಮಹತ್ವ ಖಚಿತವಾಗದ ರೂಪಾಂತರ" ಎಂದು ಬರೆದಿದ್ದಾರೆ. ನನ್ನ ಹೃದಯದ ಸ್ನಾಯು ದುರ್ಬಲವಾಗಿ ಹಿಗ್ಗಿರುವುದು ನಿಜ. ಆದರೆ ಈ ರೂಪಾಂತರವೇ ಅದಕ್ಕೆ ಕಾರಣವೆಂದು ತಿಳಿದು ನನ್ನ ತಂಗಿಯೂ ಪರೀಕ್ಷೆ ಮಾಡಿಸಿಕೊಂಡಳು, ಅವಳಲ್ಲಿಯೂ ಅದೇ ಸಿಕ್ಕಿತು. ಅಂದಿನಿಂದ ಅವಳಿಗೆ ನೆಮ್ಮದಿಯಿಲ್ಲ. ಅವಳ ಎಕೋ ಸಹಜವಾಗಿದೆ. ಇದನ್ನು ನಾವು ಹೇಗೆ ಅರ್ಥಮಾಡಿಕೊಳ್ಳಬೇಕು?

ವಂಶವೃಕ್ಷ

ನಿಮ್ಮ ತಂಗಿಯವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಆ ವರದಿಯಿಂದ ಅವರು ರೋಗಿಯಾಗುವುದಿಲ್ಲ. 2015ರಿಂದ ಪ್ರಯೋಗಾಲಯಗಳು ರೂಪಾಂತರಗಳನ್ನು ಐದು ಗುಂಪುಗಳಾಗಿ ವಿಂಗಡಿಸುತ್ತಿವೆ. ಒಂದು ಕೊನೆಯಲ್ಲಿ ರೋಗಕಾರಕ ಮತ್ತು ಬಹುಶಃ ರೋಗಕಾರಕ, ಇನ್ನೊಂದು ಕೊನೆಯಲ್ಲಿ ನಿರುಪದ್ರವಿ ಮತ್ತು ಬಹುಶಃ ನಿರುಪದ್ರವಿ, ನಡುವೆ ಈ ಖಚಿತವಾಗದ ಗುಂಪು. ನಡುವಿನ ಗುಂಪಿಗೆ ಸೇರಿದ್ದನ್ನು ಹಿಡಿದು ಆರೋಗ್ಯವಂತ ಬಂಧುಗಳಿಗೆ ಭವಿಷ್ಯ ಹೇಳಬಾರದು. ಹಾಗೆಯೇ, ಅದು ಇಲ್ಲವೆಂಬ ಕಾರಣಕ್ಕೆ ಯಾರನ್ನೂ ತಪಾಸಣೆಯಿಂದ ಕೈಬಿಡಲೂಬಾರದು. ನಿಮ್ಮ ತಂಗಿಯವರು ನಿಮ್ಮ ಕಾಯಿಲೆಯ ಕಾರಣಕ್ಕಾಗಿ ಎಕೋ ಮಾಡಿಸುತ್ತಿರಬೇಕೇ ಹೊರತು ಆ ಸಾಲಿನ ಕಾರಣಕ್ಕಾಗಿ ಅಲ್ಲ. ಕಾಯಿಲೆಯಿರುವ ಬೇರೆ ಬಂಧುಗಳಿದ್ದರೆ ಅವರಲ್ಲಿ ಅದೇ ರೂಪಾಂತರ ಇದೆಯೇ ಎಂದು ನೋಡುವುದು ಮಾತ್ರ ಉಪಯುಕ್ತ. ಅದರಿಂದ ಸಾಕ್ಷ್ಯ ಬೆಳೆಯುತ್ತದೆ.

ವರ್ಗೀಕರಣ ಬದಲಾಗುವುದೂ ಉಂಟು. ದತ್ತಾಂಶದ ಬಹುಪಾಲು ಐರೋಪ್ಯ ಮೂಲದವರಿಂದಲೇ ಬಂದಿದ್ದುದರಿಂದ, ಬೇರೆ ಜನಸಮುದಾಯಗಳಲ್ಲಿ ಸಹಜವಾಗಿ ಕಾಣುವ ರೂಪಾಂತರಗಳೂ ಒಂದು ಕಾಲದಲ್ಲಿ ರೋಗಕಾರಕವೆನಿಸಿದ್ದವು. ಆಫ್ರಿಕನ್ ಮೂಲದ ಹಲವು ಅಮೆರಿಕನ್ನರಿಗೆ ಹೀಗೆ ತಪ್ಪು ವರದಿ ಹೋಗಿದ್ದುದನ್ನು 2016ರ ಅಧ್ಯಯನವೊಂದು ಎತ್ತಿ ತೋರಿಸಿತು. ದಕ್ಷಿಣ ಏಷ್ಯಾ ಮೂಲದವರಿಗೆ ಸಂಬಂಧಿಸಿದ ಇನ್ನೊಂದು ಉದಾಹರಣೆಯಿದೆ. ಎಂವೈಬಿಪಿಸಿ3ರಲ್ಲಿ ಡಿಎನ್‌ಎಯ 25 ಅಕ್ಷರಗಳು ಬಿಟ್ಟುಹೋಗಿರುವ ರೂಪಾಂತರ ಅವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿದೆ ಎಂದು 2009ರಲ್ಲಿ ವರದಿಯಾಯಿತು. ಇದು ಹೃದಯ ವೈಫಲ್ಯದ ಅಪಾಯದೊಂದಿಗೆ ತಳಕು ಹಾಕಿಕೊಂಡಿದ್ದರೂ, ಅದನ್ನು ಹೊತ್ತವರಲ್ಲಿ ಬಹಳ ಮಂದಿ ಆರೋಗ್ಯವಾಗಿಯೇ ಇರುತ್ತಾರೆ. ಅದೊಂದೇ ಕಂಡಮಾತ್ರಕ್ಕೆ ಕಾಯಿಲೆಯ ಕಾರಣ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು. ಆದ್ದರಿಂದ ವರದಿಯ ದಿನಾಂಕವನ್ನು ಗುರುತು ಹಾಕಿಕೊಂಡು, ಎರಡು-ಮೂರು ವರ್ಷಗಳಿಗೊಮ್ಮೆ "ಈ ರೂಪಾಂತರದ ವರ್ಗ ಬದಲಾಗಿದೆಯೇ" ಎಂದು ನೀವೇ ಕೇಳಿ. ಪ್ರಯೋಗಾಲಯ ತಾನಾಗಿ ತಿಳಿಸುತ್ತದೆಂದು ಕಾಯುವುದು ಸರಿಯಲ್ಲ.

ತಂಗಾಳಿ

ಎಲ್ಲರಿಗೂ ಕೃತಜ್ಞತೆಗಳು. ತಮ್ಮನ ರಕ್ತದ ಮಾದರಿ ಕೊಟ್ಟಿದ್ದೆವು, ಎಂವೈಬಿಪಿಸಿ3ರಲ್ಲಿ ರೋಗಕಾರಕ ರೂಪಾಂತರವಿದೆಯೆಂದು ವರದಿ ಬಂದಿದೆ. ವಂಶವೃಕ್ಷ ಅವರು ಹೇಳಿದ 25 ಅಕ್ಷರಗಳ ರೂಪಾಂತರವಲ್ಲ, ಬೇರೆಯದು. ನಾನು ಮಾದರಿ ಕೊಟ್ಟಿದ್ದೇನೆ, ಫಲಿತಾಂಶ ಬರಬೇಕಿದೆ. ನನ್ನಲ್ಲಿ ಇದೆಯೆಂದಾದರೆ ಮಕ್ಕಳನ್ನು ಈಗಲೇ ಪರೀಕ್ಷಿಸಬೇಕೇ, ದೊಡ್ಡವರಾಗಿ ಅವರೇ ನಿರ್ಧರಿಸಲೆಂದು ಬಿಡಬೇಕೇ? ಹಿರಿಯ ಮಗ ಫುಟ್‌ಬಾಲ್ ತಂಡದಲ್ಲಿದ್ದಾನೆ. ಆಟ ಬಿಡಿಸಬೇಕೇ ಎಂಬುದೂ ಮನಸ್ಸನ್ನು ಕೊರೆಯುತ್ತಿದೆ.

ಸ್ಟೆತ್

ಮಕ್ಕಳ ಹೃದ್ರೋಗ ವಿಭಾಗದ ವೈದ್ಯನಾಗಿ ಉತ್ತರಿಸುತ್ತಿದ್ದೇನೆ, ಆದರೆ ನಿಮ್ಮ ಮಕ್ಕಳನ್ನು ನೋಡಿದ ವೈದ್ಯರ ಮಾತೇ ಅಂತಿಮ.

ಬಾಲ್ಯದಲ್ಲಿಯೇ ಮಾಡಬೇಕಾದ ಕೆಲಸವಿದೆಯೇ ಎಂಬುದೇ ಇಲ್ಲಿ ನಿರ್ಣಾಯಕ ಪ್ರಶ್ನೆ. ಲಾಂಗ್ ಕ್ಯೂಟಿಯಲ್ಲಿ ಹಸುಗೂಸಿನಿಂದಲೇ ಇದೆ, ಆದ್ದರಿಂದ ಹುಟ್ಟಿದ ಕೂಡಲೇ ಪರೀಕ್ಷಿಸುತ್ತೇವೆ. ದೇಹದ ಸಂಯೋಜಕ ಅಂಗಾಂಶ ದುರ್ಬಲವಾಗಿರುವ ಮಾರ್ಫನ್ ಸಿಂಡ್ರೋಮ್‌ನಲ್ಲಿ ಮಹಾಪಧಮನಿಯ ಅಗಲವನ್ನು ಅಳೆಯುತ್ತ, ಔಷಧ ಕೊಡುತ್ತ ಬರಬೇಕಾದುದರಿಂದ ಅಲ್ಲಿಯೂ ತಡಮಾಡುವುದಿಲ್ಲ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯಲ್ಲಿ ಗೋಡೆ ದಪ್ಪವಾಗುವುದು ಬಹುಮಟ್ಟಿಗೆ ಹದಿಹರೆಯದಲ್ಲಿ ಅಥವಾ ಅದಾದ ಮೇಲೆ, ಕೆಲವರಲ್ಲಿ ಐವತ್ತರ ನಂತರವೂ ಉಂಟು. ಹಾಗಿದ್ದರೂ ಚಿಕ್ಕ ಮಕ್ಕಳಲ್ಲಿ ಕಾಣುವುದು ಅಪರೂಪವೇನಲ್ಲ. ನಿಮ್ಮಲ್ಲಿ ರೂಪಾಂತರವಿಲ್ಲವೆಂದು ಬಂದರೆ ಮಕ್ಕಳನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ, ಆದ್ದರಿಂದ ಮೊದಲು ನಿಮ್ಮ ವರದಿ ಬರಲಿ. ಇದೆಯೆಂದು ಬಂದರೆ ಇಬ್ಬರಿಗೂ ಒಮ್ಮೆ ಇಸಿಜಿ ಮತ್ತು ಎಕೋ ಮಾಡಿಸಿ. ವಂಶವಾಹಿ ಪರೀಕ್ಷೆಯನ್ನೂ ಮಾಡಿಸಬಹುದು, ಹನ್ನೊಂದರ ಮಗನಿಗೆ ವಿಷಯವನ್ನು ಅವನ ವಯಸ್ಸಿಗೆ ತಕ್ಕಂತೆ ತಿಳಿಸಿ, ಅವನ ಮಾತನ್ನೂ ಕೇಳಿಕೊಂಡು. ರೂಪಾಂತರವುಳ್ಳ ಮಕ್ಕಳಿಗೆ ಒಂದೆರಡು ವರ್ಷಗಳಿಗೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಗಳಿಗೊಮ್ಮೆ ತಪಾಸಣೆ ಮುಂದುವರಿಯುತ್ತದೆ. ರೂಪಾಂತರ ಇರುವುದೇ ಬೇರೆ, ಕಾಯಿಲೆ ಇರುವುದೇ ಬೇರೆ. ಎಷ್ಟೋ ಜನ ಅದನ್ನು ಹೊತ್ತು ಮುಪ್ಪಿನವರೆಗೆ ಆರೋಗ್ಯವಾಗಿ ಬಾಳುತ್ತಾರೆ.

ಆಟದ ವಿಷಯದಲ್ಲಿ ಹಿಂದಿನ ಭಯ ಈಗ ಅಷ್ಟಿಲ್ಲ. ರೂಪಾಂತರವಿದ್ದು ಎಕೋ ಸಹಜವಾಗಿರುವ ಮಗುವಿನ ಆಟವನ್ನು ಅಷ್ಟಕ್ಕೇ ಬಿಡಿಸುವುದಿಲ್ಲ. ಕಾಯಿಲೆ ಕಾಣಿಸಿಕೊಂಡವರಿಗೂ ಮಧ್ಯಮ ಪ್ರಮಾಣದ ವ್ಯಾಯಾಮದಿಂದ ಒಳಿತಾಗುವುದು 2017ರ ಅಧ್ಯಯನದಲ್ಲಿ ಕಂಡಿತು. 2023ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಬಿರುಸಿನ ವ್ಯಾಯಾಮ ಮಾಡುತ್ತಿದ್ದವರಲ್ಲಿ ಅಪಾಯಕಾರಿ ಘಟನೆಗಳು ಉಳಿದವರಿಗಿಂತ ಹೆಚ್ಚಾಗಿ ಕಂಡುಬರಲಿಲ್ಲ. ಆದರೆ ಈ ಮಾತನ್ನು ಬೇರೆ ಕಾಯಿಲೆಗಳಿಗೆ ದಯವಿಟ್ಟು ಎಳೆಯಬೇಡಿ. ಪಿಕೆಪಿ2ರಂತಹ ವಂಶವಾಹಿಗಳ ದೋಷದಿಂದ ಬರುವ ಅರಿದ್ಮೊಜೆನಿಕ್ ಕಾರ್ಡಿಯೋಮಯೋಪತಿ ಎಂಬ, ಲಯ ತಪ್ಪಿಸುವ ಹೃದಯಸ್ನಾಯುವಿನ ಕಾಯಿಲೆಯಲ್ಲಿ ದೀರ್ಘ ದೂರದ ಓಟ, ಸೈಕ್ಲಿಂಗ್‌ನಂತಹ ಶ್ರಮವೇ ಕಾಯಿಲೆಯನ್ನು ಬೇಗ ಹೊರತಂದು ಉಲ್ಬಣಗೊಳಿಸುತ್ತದೆ. ಆರ್‌ವೈಆರ್2 ಎಂಬ ವಂಶವಾಹಿಯ ದೋಷವುಳ್ಳ ಮಕ್ಕಳ ಇಸಿಜಿ ವಿಶ್ರಾಂತಿಯಲ್ಲಿ ಪೂರ್ತಿ ಸಹಜವಾಗಿದ್ದು, ಓಡುವಾಗ ಅಥವಾ ಉದ್ವೇಗಗೊಂಡಾಗ ಮಾತ್ರ ಲಯ ತಪ್ಪುತ್ತದೆ. ಓಡುತ್ತಿದ್ದಾಗ ಮೂರ್ಛೆ ಹೋದ ಮಗುವಿಗೆ ಬರಿಯ ಇಸಿಜಿ ನೋಡಿ ಸರಿಯಾಗಿದೆ ಎಂದು ಕಳುಹಿಸುವುದು ಎಂದಿಗೂ ಸಲ್ಲದು, ಟ್ರೆಡ್‌ಮಿಲ್ ಪರೀಕ್ಷೆ ಆಗಲೇಬೇಕು.

ಹಿತ್ತಲ ಗಿಡ

ತಂಗಾಳಿಯವರೇ, ನಿಮ್ಮ ಅಕ್ಕನವರ ಬಗೆಗೆ ಯಾರೂ ಬರೆಯಲಿಲ್ಲ. ನಮ್ಮ ಮನೆಯಲ್ಲಿಯೂ ದೊಡ್ಡಪ್ಪನ ಮಕ್ಕಳು ಹೀಗೆಯೇ ಹಿಂಜರಿದಿದ್ದರು. ತಿಳಿಯದಿರುವ ಹಕ್ಕು ಅವರಿಗಿದೆ, ಒತ್ತಾಯದಿಂದ ಯಾರ ರಕ್ತವನ್ನೂ ತೆಗೆಯಲಾಗದು. ಆದರೆ ವಂಶವಾಹಿ ಪರೀಕ್ಷೆ ಬೇಡವೆನ್ನುವವರು ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಬಹುದು ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಮುಂದಿನ ಐವತ್ತು ವರ್ಷಗಳ ಬಗೆಗೆ ಏನನ್ನೂ ಹೇಳದ, ಹೃದಯ ಇಂದು ಹೇಗಿದೆ ಎಂಬುದನ್ನಷ್ಟೇ ಹೇಳುವ ಪರೀಕ್ಷೆಗೆ ನಮ್ಮವರು ಒಪ್ಪಿದರು. ಒಬ್ಬರಲ್ಲಿ ಗೋಡೆ 14 ಮಿಲಿಮೀಟರ್ ಇತ್ತು. ಹತ್ತಿರದ ಬಂಧುಗಳಲ್ಲಿ ಕಾಯಿಲೆಯಿದ್ದಾಗ 13 ಮಿಲಿಮೀಟರ್ ದಾಟಿದರೂ ಗಮನಿಸಬೇಕಂತೆ.

ಅವರ ಹಿಂಜರಿಕೆಯ ಹಿಂದೆ ಜೀವವಿಮೆಯ ಚಿಂತೆಯೂ ಇರಬಹುದು, ಅದನ್ನು ತಳ್ಳಿಹಾಕಬೇಡಿ. ವಂಶವಾಹಿ ಫಲಿತಾಂಶವನ್ನು ವಿಮಾ ಕಂಪನಿಗಳು ಕೇಳಬಹುದೇ ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಮಾದರಿ ಕೊಡುವ ಮೊದಲೇ ಅದನ್ನು ವಿಚಾರಿಸಿಕೊಳ್ಳುವುದು ವಿವೇಕ.

ವಂಶವೃಕ್ಷ

ಹಿತ್ತಲ ಗಿಡ ಅವರ ಮಾತು ನೂರಕ್ಕೆ ನೂರು ಸರಿ. ಅಕ್ಕನವರಿಗೆ ಒಂದು ಪತ್ರ ಬರೆದಿಡಿ. ಕಾಯಿಲೆಯ ಹೆಸರು, ವಂಶವಾಹಿಯ ಹೆಸರು, ರೂಪಾಂತರದ ಪೂರ್ಣ ಸಂಕೇತ, ಪ್ರಯೋಗಾಲಯದ ವರದಿಯ ಪ್ರತಿ, ಯಾವ ಲಕ್ಷಣ ಕಂಡರೆ ತಡಮಾಡಬಾರದು ಎಂಬ ಎರಡು ಸಾಲು, ಇಷ್ಟಿದ್ದರೆ ಸಾಕು. ಇವತ್ತು ಓದದಿದ್ದರೂ ಅವರ ಮಕ್ಕಳಿಗೆ ಬೇಕಾದ ದಿನ ಆ ಸಂಕೇತವಿಲ್ಲದೆ ಯಾವ ಪ್ರಯೋಗಾಲಯವೂ ಸರಿಯಾದ ತಾಣವನ್ನು ನೋಡಲಾರದು.

ಮುಸ್ಸಂಜೆ

ನಮ್ಮ ಮನೆಯಲ್ಲಿ ಇಪ್ಪತ್ತರ ಹರೆಯದ ಹುಡುಗ ನಿದ್ದೆಯಲ್ಲಿಯೇ ತೀರಿಕೊಂಡು ಕೆಲವೇ ದಿನಗಳಾಗಿವೆ. ಮರಣೋತ್ತರ ಪರೀಕ್ಷೆಯಲ್ಲಿ ಹೃದಯ ಸಹಜವಾಗಿತ್ತು, ಕಾರಣ ತಿಳಿಯಲಿಲ್ಲ ಎಂದಿದ್ದಾರೆ. ಅವನ ತಂದೆತಾಯಿ ಮತ್ತು ತಂಗಿಗಾಗಿ ಇನ್ನೇನಾದರೂ ಮಾಡಲು ಸಾಧ್ಯವೇ?

ಸ್ಟೆತ್

ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಖಂಡಿತ ಸಾಧ್ಯವಿದೆ, ಮತ್ತು ಮೊದಲ ಕೆಲಸಕ್ಕೆ ಸಮಯ ಕಡಿಮೆ. ಮರಣೋತ್ತರ ಪರೀಕ್ಷೆ ಮಾಡಿದ ವಿಭಾಗವನ್ನು ಇಂದೇ ಸಂಪರ್ಕಿಸಿ, ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಕೊಳವೆಯಲ್ಲಿ ರಕ್ತವನ್ನೋ ಶೈತ್ಯೀಕರಿಸಿದ ಅಂಗಾಂಶದ ತುಣುಕನ್ನೋ ಉಳಿಸಿದ್ದಾರೆಯೇ ಎಂದು ಕೇಳಿ. ಇದ್ದರೆ ಅದನ್ನು ನಾಶಪಡಿಸದಂತೆ ಲಿಖಿತವಾಗಿ ಕೋರಿ. ಫಾರ್ಮಾಲಿನ್‌ನಲ್ಲಿಟ್ಟ ಅಂಗಾಂಶದಿಂದ ಡಿಎನ್‌ಎ ಸರಿಯಾಗಿ ಸಿಗುವುದಿಲ್ಲ. ಹೃದಯದ ರಚನೆ ಸಹಜವಾಗಿದ್ದಾಗ ವಿದ್ಯುತ್ ದೋಷಗಳ ಅನುಮಾನ ಬಲವಾಗುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ 35 ವರ್ಷದೊಳಗಿನವರ ಹಠಾತ್ ಹೃದಯ ಸಾವುಗಳ ಪೈಕಿ ನೂರಕ್ಕೆ 40ರಷ್ಟು ಶವಪರೀಕ್ಷೆಯ ನಂತರವೂ ಕಾರಣ ತಿಳಿಯದೆ ಉಳಿದಿದ್ದವು. ಅಂತಹವುಗಳಲ್ಲಿ ವಂಶವಾಹಿ ಪರೀಕ್ಷೆ ನಡೆದವುಗಳಲ್ಲಿ ನೂರಕ್ಕೆ 27ರಲ್ಲಿ ಅರ್ಥಪೂರ್ಣವಾದ ರೂಪಾಂತರ ಸಿಕ್ಕಿತು.

ಆ ಫಲಿತಾಂಶಕ್ಕಾಗಿ ಬದುಕಿರುವವರ ತಪಾಸಣೆಯನ್ನು ಮುಂದೂಡಬೇಡಿ. ತಂದೆ, ತಾಯಿ, ತಂಗಿ ಮೂವರಿಗೂ ಇಸಿಜಿ, ಎಕೋ, ಟ್ರೆಡ್‌ಮಿಲ್ ಮತ್ತು ಹೋಲ್ಟರ್ (ದಿನವಿಡೀ ಧರಿಸಿ ಹೃದಯದ ಲಯ ದಾಖಲಿಸುವ) ಪರೀಕ್ಷೆ ಆಗಲಿ. ನಿದ್ದೆಯಲ್ಲಿ ಆದ ಸಾವಾದ್ದರಿಂದ ಬ್ರುಗಾಡಾ ಸಿಂಡ್ರೋಮ್ ಎಂಬ ಹೃದಯದ ವಿದ್ಯುತ್ ದೋಷದ ಸಾಧ್ಯತೆಯನ್ನು ವೈದ್ಯರಿಗೆ ನೆನಪಿಸಿ, ಎದೆಯ ಮೇಲ್ಭಾಗದಲ್ಲಿ ಲೀಡ್‌ಗಳನ್ನಿಟ್ಟು ಇನ್ನೊಂದು ಇಸಿಜಿ ತೆಗೆಯಲು ಕೇಳಿ. ಪೆಡ್ರೊ ಮತ್ತು ಜೋಸೆಪ್ ಬ್ರುಗಾಡಾ ಸೋದರರು 1992ರಲ್ಲಿ ವಿವರಿಸಿದ ಈ ದೋಷ ಜ್ವರ ಬಂದಾಗ ಉಲ್ಬಣಿಸುತ್ತದೆ. ಆದ್ದರಿಂದ ವರದಿಗಳು ಕೈಸೇರುವವರೆಗೆ ಅವರಲ್ಲಿ ಯಾರಿಗಾದರೂ ಜ್ವರ ಬಂದರೆ ಕೂಡಲೇ ಪ್ಯಾರಾಸಿಟಮಾಲ್ ಕೊಟ್ಟು ಇಳಿಸಿ, ಅದೇ ಜ್ವರದಲ್ಲಿ ಒಂದು ಇಸಿಜಿಯನ್ನೂ ತೆಗೆಸಿಟ್ಟುಕೊಳ್ಳಿ. ಹುಡುಗನ ಹಳೆಯ ಇಸಿಜಿ ಎಲ್ಲಿಯಾದರೂ ಸಿಕ್ಕರೆ ಅದನ್ನೂ ಜೊತೆಗೆ ಒಯ್ಯಿರಿ.